ಇಳಿತದ ಹೊತ್ತಿನ ಧಕ್ಕೆ

ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ಮರ್ಲಾ ಬೀಲ್ ಉಸಿರು ಬಿಗಿಹಿಡಿದು ಕಾಗದದ ಲೋಟದಿಂದ ಸಮುದ್ರ ಸುರಿಯುತ್ತಿದ್ದಾರೆ. ತಿಳಿಯಾದ ರಾಳ ಅದು. ಒಮ್ಮೆ ಗಟ್ಟಿಯಾದರೆ ತಿದ್ದುವಂತಿಲ್ಲ. ಬೆರಳುದ್ದದ ದೋಣಿಗಳ ಸುತ್ತ ಮೆಲ್ಲಗೆ ಹರಡಿ, ದೋಣಿ ತಂಗುವ ಧಕ್ಕೆಯ ಕಂಬಗಳ ಬುಡಕ್ಕೆ ಬಂದು ನಿಲ್ಲುತ್ತದೆ. ನೋಡುತ್ತ ನಿಂತ ನನಗೂ ಉಸಿರಾಡುವುದು ಮರೆತುಹೋಗುತ್ತದೆ.

ಅಮೆರಿಕದ ಮೇನ್ ರಾಜ್ಯದ ಕರಾವಳಿಯ ನಮ್ಮ ಟಾಲ್‌ಬಟ್ ಕೋವ್‌ನಲ್ಲಿ ಮರ್ಲಾ ಎಂದರೆ ಕೆಸರಿನಲ್ಲಿ ಕಪ್ಪೆಚಿಪ್ಪು ಅಗೆಯುವಾಕೆ, ಅಷ್ಟೇ. ಸಮುದ್ರ ಇಳಿದಾಗ ಕೆಲಸ, ಏರಿದಾಗ ಬಿಡುವು. ಆ ಬಿಡುವಿನಲ್ಲೇ ಇಲ್ಲಿನ ಮಾದರಿ ರೈಲು ಸಂಘಕ್ಕಾಗಿ ಊರಿನ ಹಳೆಯ ಧಕ್ಕೆಯನ್ನು ಆಟಿಕೆಯಷ್ಟು ಪುಟ್ಟದಾಗಿ ಕಟ್ಟುತ್ತ ಬಂದಿದ್ದಾರೆ. ಇವತ್ತು ಇಳಿತ ನಸುಕಿಗೇ ಇದ್ದರೂ ಅಗೆಯಲು ಹೋಗಿಲ್ಲ. ಕಾರಣ ಕ್ಲೈಡ್ ಡೆನಿಸನ್, ಆ ಧಕ್ಕೆಯ ಮೇಲೆ ಕೊನೆಯ ರೈಲು ಓಡಿಸಿದ ಚಾಲಕ. ಧಕ್ಕೆಯನ್ನು ಕಿತ್ತು ಎಷ್ಟೋ ಕಾಲವಾಯಿತು. ಈಗ ಅವರ ಕಣ್ಣೂ ಮಂಜಾಗುತ್ತಿದೆ. ಚಳಿಗಾಲದ ಹೊತ್ತಿಗೆ ಏನೂ ಕಾಣದು ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ನಾಳೆ ಇದನ್ನು ನೋಡಲು ಬರುತ್ತಾರೆ.

ಮರ್ಲಾ ಮಾಡಿದ್ದನ್ನು ಕಂಡರೆ ನಂಬಿಕೆಯೇ ಬರುವುದಿಲ್ಲ. ಕಂಬಗಳು ಮೇಲೆ ಒಣಗಿ ಬೂದಿ ಬಣ್ಣ, ನಡುವೆ ಚಿಪ್ಪು ಅಂಟಿದ ಬಿಳಿ, ಕೆಳಗೆ ಜಾರುವ ಹಸಿರು. ಆ ಪಾಚಿ ಮಾಡಿದ್ದು ಹಳೆಯ ಸ್ವೆಟರಿನ ಎಳೆಯಿಂದಂತೆ! ಕೆಸರಿನಲ್ಲಿ ಒಂದು ದೋಣಿ ಪಕ್ಕಕ್ಕೆ ವಾಲಿ ಮಲಗಿದೆ. ಸಂಘದವರಿಗೆ ಬೇಕಿದ್ದದ್ದು ತುಂಬಿದ ನೀಲಿ ನೀರು. ಕೆಸರು ಯಾರಿಗೆ ಚೆಂದ ಎಂದು ಮೂಗು ಮುರಿದಿದ್ದರು.

"ಮೇಲಿಂದ ನೋಡಿದೋರಿಗೆ ನೀಲಿ," ಎನ್ನುತ್ತಾರೆ ಮರ್ಲಾ. "ನಾನು ಆ ಧಕ್ಕೆ ನೋಡಿದ್ದೇ ಕೆಳಗಿಂದ, ಅಮ್ಮನ ಬುಟ್ಟಿ ಪಕ್ಕ ಕೂತು."

ಈ ಹಟವೇ ಒಮ್ಮೆ ಕೈಕೊಟ್ಟಿದೆ. ಕೆಸರು ನಿಜವಾದದ್ದೇ ಇರಲಿ ಎಂದು ಕಳೆದ ವರ್ಷ ತೀರದಿಂದಲೇ ತಂದು, ಒಣಗಿಸಿ, ಜರಡಿ ಹಿಡಿದು ಬಳಿದರು. ತೊಳೆಯಬೇಕೆಂದು ಹೊಳೆಯಲಿಲ್ಲ. ಕೆಲವೇ ದಿನಗಳಲ್ಲಿ ಉಪ್ಪು ಮೇಲೆದ್ದು ಬಂದರಿನ ತುಂಬ ಹಿಮ ಬಿದ್ದಂತಾಯಿತು, ಹಳಿಗೆ ಕಿಲುಬು ಹಿಡಿಯಿತು.

"ಉಪ್ಪಲ್ಲೇ ಹುಟ್ಟಿ ಬೆಳೆದೋಳಿಗೆ ಉಪ್ಪೇ ಮರೆತುಹೋಯ್ತು ನೋಡಿ," ಎಂದು ನಗುತ್ತಾರೆ.

ಅಷ್ಟನ್ನೂ ಕೆರೆದು, ಸಿಹಿನೀರಿನಲ್ಲಿ ತೊಳೆದು ತೊಳೆದು, ಮತ್ತೆ ಬಳಿದದ್ದು ಇದು. ಅದರಲ್ಲೇ ವರ್ಷ ಕಳೆಯಿತು. ಅಷ್ಟರಲ್ಲಿ ಕ್ಲೈಡ್ ಅವರ ಒಂದು ಕಣ್ಣು ಪೂರ್ತಿ ಹೋಯಿತು. ಆ ಮಾತು ಬಂದಾಗ ಮರ್ಲಾ ನಗುವುದಿಲ್ಲ. ಲೋಟದ ತಳದಲ್ಲಿ ಉಳಿದ ರಾಳವನ್ನೇ ನೋಡುತ್ತಾರೆ.

ಮರುದಿನ ಬೆಳಗ್ಗೆ ರಾಳ ಗಾಜಿನಷ್ಟು ತಿಳಿಯಾಗಿ ಗಟ್ಟಿಯಾಗಿದೆ. ಕ್ಲೈಡ್ ಕೋಲೂರಿಕೊಂಡು ಬರುತ್ತಾರೆ. ಉಳಿದ ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು, ಬಗ್ಗಿ, ಬಹಳ ಹೊತ್ತು ನೋಡುತ್ತಾರೆ. ಮೂಗು ಮುರಿದವರೆಲ್ಲ ಹಿಂದಿನಿಂದ ಕತ್ತು ಚಾಚಿದ್ದಾರೆ. ಆಮೇಲೆ ಕ್ಲೈಡ್ ಅವರ ಬೆರಳು ಧಕ್ಕೆಯ ಅಡಿಯ ಕೆಸರಿನತ್ತ ಹೋಗುತ್ತದೆ. ಅಲ್ಲಿ ಕೆಂಪು ತಲೆವಸ್ತ್ರ ಕಟ್ಟಿ, ಸೊಂಟ ಬಗ್ಗಿಸಿ ನಿಂತ ಹೆಂಗಸೊಬ್ಬಳಿದ್ದಾಳೆ, ಬೆರಳಿನ ಗೆಣ್ಣಿನಷ್ಟು ಎತ್ತರ. ಅವಳ ವಿಷಯ ಮರ್ಲಾ ಯಾರಿಗೂ ಹೇಳಿರಲಿಲ್ಲ.

"ನಿಮ್ಮಮ್ಮ ಅಲ್ವೇನೇ ಇವಳು?" ಎನ್ನುತ್ತಾರೆ ಕ್ಲೈಡ್. "ದಿನಾ ಸೀಟಿ ಊದ್ತಿದ್ದೆ. ಒಂದು ದಿನಾನೂ ತಲೆ ಎತ್ತಲಿಲ್ಲ, ಜಂಬದ ಹೆಂಗಸು."

"ಜಂಬ ಅಲ್ಲ ಕಣಯ್ಯಾ. ನೀರು ಏರೋದ್ರೊಳಗೆ ಬುಟ್ಟಿ ತುಂಬಬೇಕಿತ್ತು."

ಮರ್ಲಾ ಪುಟ್ಟ ರೈಲನ್ನು ಓಡಿಸುವ, ಸೀಟಿ ಊದಿಸುವ ಗುಂಡಿಗಳ ಪೆಟ್ಟಿಗೆಯನ್ನು ಅವರ ಕೈಗೆ ಕೊಡುತ್ತಾರೆ.

"ಈಗ ಊದು. ಇನ್ನೂ ಹತ್ತಿರ ಬಗ್ಗಿ ನೋಡು, ಈ ಸಲ ಅವಳ ತಲೆ ಎತ್ತಿಸಿದ್ದೀನಿ."