ಮೊಲದ ಹಲ್ಲು ಮತ್ತು ಮುಷ್ಕರದ ಪೆಂಡಾಲು

ತೆಲಂಗಾಣ ಬೇಕೆಂದು ನೌಕರರೆಲ್ಲ ಮುಷ್ಕರ ಹೂಡಿದ್ದ ದಿನಗಳು. ಜಹೀರಾಬಾದಿನ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದ ನನಗೂ ವಾರಗಟ್ಟಲೆ ಪಾಠವಿರಲಿಲ್ಲ. ಬೆಳಿಗ್ಗೆ ಪೆಂಡಾಲಿನಲ್ಲಿ ಕೂತು ಬಂದರೆ ಉಳಿದ ಹೊತ್ತೆಲ್ಲ ಮನೆಯಲ್ಲೇ. ನಮ್ಮ ಮೊಲವನ್ನು ಸರಿಯಾಗಿ ನೋಡಲು ಪುರುಸೊತ್ತಾದದ್ದು ಆಗಲೇ.

ತಾಂಡೂರಿಗೆ ವರ್ಗವಾಗಿ ಹೋದ ಟೀಚರೊಬ್ಬರು ಅದನ್ನು ಮರಿಯಿದ್ದಾಗ ನಮ್ಮಲ್ಲಿ ಬಿಟ್ಟು ಹೋಗಿದ್ದರು. ಈಗ ಅದಕ್ಕೆ ಏಳು ವರ್ಷ. ಗದ್ದ ಯಾವಾಗಲೂ ಒದ್ದೆಯಾಗಿರುತ್ತಿತ್ತು. ನೀರು ಕುಡಿದಿರಬೇಕು ಅಂದುಕೊಂಡು ಸುಮ್ಮನಿದ್ದೆ. ಒಂದು ದಿನ ಹುಲ್ಲನ್ನು ಮೂಸಿ, ಒಂದೆಳೆ ಬಾಯಿಗೆ ತೆಗೆದುಕೊಂಡು, ಹಾಗೇ ಕೆಳಗೆ ಬಿಟ್ಟಿತು. ಮರುದಿನ ಬೆಳಿಗ್ಗೆ ಬಿಸ್ಕತ್ತಿಗೂ ಮುಖ ತಿರುಗಿಸಿತು.

ನಮ್ಮ ಅತ್ತೆ ನಾಗಲಗಿದ್ದದ ಕಡೆಯ ಕುರಿ ಸಾಕುವ ಮನೆಯಿಂದ ಬಂದವರು. ಹಲ್ಲು ನೋಡಿ ಕುರಿಯ ವಯಸ್ಸು ಹೇಳುತ್ತಿದ್ದರು. ಮೊಲವನ್ನು ಮಡಿಲಲ್ಲಿ ಕೂಡಿಸಿಕೊಂಡು ತುಟಿ ಎತ್ತಿ ನೋಡಿದರು.

"ನೋಡವ್ವ, ಕೆಳಗಿನ ಹಲ್ಲು ಬೆಳದು ಮ್ಯಾಲಿನ ತುಟಿಗಿ ಚುಚ್ಚಾಕತ್ಯಾವ. ಕುರಿಗಿ ವಯಸ್ಸಾದ್ರ ಹಲ್ಲು ಬೀಳ್ತಾವ. ಇದಕ್ಕ ಬೆಳಿತಾವಲ್ಲ."

"ಏನ್ ಮಾಡೋದು ಅತ್ತಿ?"

"ನನಗೇನ್ ಗೊತ್ತು. ದನದ ಡಾಕ್ಟರಿಗಿ ತೋರಿಸೋಣ ನಡಿ."

ದನದ ಡಾಕ್ಟರೂ ಮುಷ್ಕರದಲ್ಲಿದ್ದರು. ಅವತ್ತಿನ ಉಪವಾಸದ ಸರದಿ ಅವರದೇ. ಬುಟ್ಟಿ ಹಿಡಿದು ನಾವಿಬ್ಬರೂ ಪೆಂಡಾಲಿಗೆ ಹೋದಾಗ ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಕೂತಿದ್ದರು.

"ನಾ ಡ್ಯೂಟಿ ಮ್ಯಾಲ ಇಲ್ರಿ ಟೀಚರ್," ಅಂದರು.

"ಇದೂ ಮುಂಜಾನಿಂದ ಉಪಾಸ ಕೂತದ್ರಿ ಸಾರ್," ಅಂದೆ.

ಪೆಂಡಾಲಿನವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. ಹಾರ ತೆಗೆದಿಟ್ಟು ಮೊಲದ ಬಾಯಿ ನೋಡಿದರು. "ಮೊಲ ಉಣ್ಣೋದು ಬಿಟ್ರ ತಡ ಮಾಡಬಾರದ್ರಿ, ಹೊಟ್ಟಿ ಕೆಲಸಾ ಮಾಡೋದು ನಿಲ್ತದ. ಏನ್ ಹಾಕ್ತೀರಿ ಇದಕ್ಕ?"

ರೊಟ್ಟಿ, ಬಿಸ್ಕತ್ತೇ ಹೆಚ್ಚು ಅನ್ನುವಾಗ ನನಗೆ ನಾಚಿಕೆಯಾಯಿತು.

"ಇದರ ಹಲ್ಲು ಸಾಯೋ ತನಕ ಬೆಳಿತಾವ. ಹುಲ್ಲು ಅಗದ್ರೇ ಸವಿತಾವ. ಕಟ್ ಮಾಡಿದ್ರ ಸೀಳ್ತಾವ, ಉಜ್ಜಬೇಕು. ಅಂಥಾ ಮಷಿನ್ ನಮ್ಮ ದವಾಖಾನ್ಯಾಗ ಇಲ್ಲ." ಮೊಲವನ್ನು ಬುಟ್ಟಿಗೆ ಹಾಕಿದರು. "ಬರ್ರಿ ನನ್ನ ಸಂಗಟ," ಅಂತ ಚಪ್ಪಲಿ ಮೆಟ್ಟಿದರು.

ಅವರು ಕರೆದುಕೊಂಡು ಹೋದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಹಲ್ಲಿನ ದವಾಖಾನೆಗೆ. ಬಸ್ಸುಗಳಿಲ್ಲದೆ ಪೇಷಂಟುಗಳೂ ಇರಲಿಲ್ಲ. ಹಲ್ಲಿನ ಡಾಕ್ಟರು ಪೇಪರ್ ಓದುತ್ತಿದ್ದವರು ಬುಟ್ಟಿಯೊಳಗೆ ಇಣುಕಿ ನೋಡಿದರು.

"ನಾ ಮನುಷ್ಯಾರ ಡಾಕ್ಟರ್ ಇದ್ದೀನಲ್ರಿ."

"ಬೋರ್ಡಿನ ಮ್ಯಾಲ ಬರೇ ಹಲ್ಲು ಅಂತ ಅದ," ಅಂದರು ದನದ ಡಾಕ್ಟರು.

ಹಲ್ಲಿನ ಡಾಕ್ಟರು ಇನ್ನೊಮ್ಮೆ ಮೊಲವನ್ನು ನೋಡಿ, ಎದ್ದು ಕೈ ತೊಳೆದುಕೊಂಡರು. ಅತ್ತೆ ತಮ್ಮ ಶಾಲಿನಲ್ಲಿ ಮೊಲವನ್ನು ಬಿಗಿಯಾಗಿ ಸುತ್ತಿದರು. ದನದ ಡಾಕ್ಟರು ತಲೆ ಹಿಡಿದರು. ಮಷಿನ್ ಗುಂಯ್ ಅಂದಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ. ಐದು ನಿಮಿಷದಲ್ಲಿ ಎಲ್ಲ ಮುಗಿದಿತ್ತು. ಮುಂದಿನ ಹಲ್ಲುಗಳು ಸಮನಾಗಿದ್ದವು.

"ನೋವಾಗಿಲ್ಲೇನ್ರಿ ಅದಕ್ಕ?" ಅಂತ ಅತ್ತೆ ಕೇಳಿದರು.

"ಇಲ್ಲಮ್ಮ, ತುದಿಗಿ ನೋವು ತಿಳಿಯಂಗಿಲ್ಲ," ಅಂದರು ಹಲ್ಲಿನ ಡಾಕ್ಟರು.

ಎರಡು ವರ್ಷದಿಂದ ದವಡೆಗೆ ಲವಂಗ ಇಟ್ಟುಕೊಂಡೇ ದಿನ ದೂಡುತ್ತಿದ್ದ ಅತ್ತೆ, ಎಷ್ಟು ಕರೆದರೂ ಡಾಕ್ಟರ ಹತ್ತಿರ ಬಂದವರಲ್ಲ. ಈಗ ಮೊಲವನ್ನು ನನ್ನ ಕೈಗೆ ಕೊಟ್ಟು ತಾವೇ ಆ ದೊಡ್ಡ ಕುರ್ಚಿ ಹತ್ತಿ ಕೂತರು. "ಹಂಗಾದ್ರ ನಂದೂ ಒಂದೀಟು ನೋಡ್ರಿ," ಅಂದರು. ದನದ ಡಾಕ್ಟರು ನಗುತ್ತಾ ಉಪವಾಸಕ್ಕೆ ವಾಪಸ್ಸು ಹೋದರು.

ಸಂಜೆಗೆ ಮೊಲ ಕೊತ್ತಂಬರಿ ತಿಂದಿತು, ಮರುದಿನ ಹುಲ್ಲು. ಬಿಸ್ಕತ್ತು ಅವತ್ತಿಗೇ ಬಂದ್ ಆಯಿತು. ಆಮೇಲೆ ತಿಂಗಳು, ಎರಡು ತಿಂಗಳಿಗೊಮ್ಮೆ ಅದನ್ನು ಹಲ್ಲು ಉಜ್ಜಿಸಲು ಒಯ್ಯುತ್ತಿದ್ದೆ. ಬೆಂಚಿನ ಮೇಲೆ ಕಾದು ಕೂತವರಿಗೆ ಆ ಡಾಕ್ಟರು, "ಸ್ವಲ್ಪ ತಡೀರಿ, ನನ್ನ ಹಳೇ ಪೇಷಂಟ್ ಬಂದದ," ಅನ್ನುತ್ತಿದ್ದರು.

ಮೊಲ ಮತ್ತೆ ಎರಡು ವರ್ಷಕ್ಕೂ ಮಿಕ್ಕಿ ಬದುಕಿತು. ಕೊನೆಕೊನೆಗೆ ಕಣ್ಣುಗಳು ಮಂಜಾಗಿದ್ದವು. ಆದರೂ ಅತ್ತೆ ಕರಕಿ ಹುಲ್ಲು ಹಿಡಿದು ಅಂಗಳದಲ್ಲಿ ಕೂತರೆ ಅದು ಅಗಿಯುವ ಸದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳುತ್ತಿತ್ತು.