ನೆರಿಗೆಯ ರೇಖಾಗಣಿತ

ಈಗೀಗ ಯಾರ ಮನೆಗೆ ಹೋದರೂ ನಾನು ಮೊದಲು ಗೋಡೆಗಳನ್ನು ನೋಡುತ್ತೇನೆ. ಚಹಾ ತಂದುಕೊಟ್ಟವರ ಮುಖ ಆಮೇಲೆ. ಗೋಡೆ ನೆಟ್ಟಗಿದೆಯೇ, ಹೊಟ್ಟೆ ಬಿಟ್ಟಿದೆಯೇ ಎಂದು ಕಣ್ಣಲ್ಲೇ ಅಳೆದು, ಯಾವುದಕ್ಕೂ ಒರಗದೆ ನಡುಮನೆಯ ನಟ್ಟನಡುವೆ ಕೂರುತ್ತೇನೆ. ನೆಂಟರು ಇದನ್ನು ಬಿ.ಎ. ಓದಿದವಳ ಬಿಂಕ ಎಂದುಕೊಂಡಿದ್ದಾರೆ. ಭಯವೆಂದು ಒಪ್ಪಿಕೊಳ್ಳುವುದಕ್ಕಿಂತ ಬಿಂಕವೆನ್ನಿಸಿಕೊಳ್ಳುವುದೇ ವಾಸಿ ಎಂದು ನಾನೂ ಸುಮ್ಮನಿದ್ದೇನೆ.

ಬಿ.ಎ.ಗೆ ನಾನು ಓದಿದ್ದು ಗಣಿತ. ಸಂಸಾರದಲ್ಲಿ ಅದು ಕ್ರೋಶಾ ಕಡ್ಡಿಯೊಂದನ್ನು ಬಿಟ್ಟು ಬೇರೆಲ್ಲಿಯೂ ಉಪಯೋಗಕ್ಕೆ ಬರಲಿಲ್ಲ. ಕಾಲೇಜಿನಲ್ಲಿ ನಮ್ಮ ಮಾಸ್ತರರು ಒಂದು ದಿನ ವಿಚಿತ್ರವಾದ ಮಾತು ಹೇಳಿದರು. ಒಂದು ಗೆರೆ, ಅದರ ಹೊರಗೊಂದು ಚುಕ್ಕೆ. ಆ ಚುಕ್ಕೆಯ ಮೂಲಕ ಮೊದಲ ಗೆರೆಯನ್ನು ಎಂದೂ ಸೇರದ ಗೆರೆ ಒಂದೇ ಒಂದು ಎಂದು ನಾವೆಲ್ಲ ಕಲಿತದ್ದು. ಆದರೆ ಅಂಥವು ಬೇಕಾದಷ್ಟು ಹಾಯುವ ಮೇಲ್ಮೈಯೂ ಉಂಟಂತೆ. ಎಂಥ ಮೈ ಎಂದು ಕೇಳಿದರೆ ಗಾಳಿಯಲ್ಲಿ ಕೈ ಆಡಿಸಿ, "ಕಲ್ಪಿಸಿಕೊಳ್ಳಿ" ಎಂದರು. ನನಗೆ ಕಲ್ಪನೆ ಕಡಿಮೆ. ಕೈಗೆ ಸಿಗದೆ ಯಾವುದೂ ತಲೆಗೆ ಹತ್ತುವುದಿಲ್ಲ.

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಮೇಲೆ ಅದು ಕೈಗೆ ಸಿಕ್ಕಿತು. ಕ್ರೋಶಾದಲ್ಲಿ ದುಂಡಗೆ ಹೆಣೆಯುವಾಗ ಪ್ರತಿ ಸುತ್ತಿಗೂ ಕುಣಿಕೆಗಳನ್ನು ಲೆಕ್ಕಕ್ಕೆ ಸರಿಯಾಗಿ ಹೆಚ್ಚಿಸುತ್ತ ಹೋದರೆ ಹೆಣಿಗೆ ರೊಟ್ಟಿಯ ಹಾಗೆ ಚಪ್ಪಟೆ ಮಲಗುತ್ತದೆ. ಹೆಚ್ಚಿಸುವುದರಲ್ಲಿ ಜಿಪುಣತನ ಮಾಡಿದರೆ ಬಟ್ಟಲಾಗಿ ಎದ್ದು ನಿಲ್ಲುತ್ತದೆ. ಧಾರಾಳವಾಗಿ ಹೆಚ್ಚಿಸಿದರೆ ಅಂಚಿಗೆ ಜಾಗ ಸಾಲದೆ ಹುಂಜದ ಜುಟ್ಟಿನಂತೆ ನೆರಿಗೆ ನೆರಿಗೆಯಾಗುತ್ತದೆ. ಕೆಟ್ಟಿತೆಂದು ಎಲ್ಲ ಹೆಂಗಸರೂ ಬಿಚ್ಚಿಹಾಕುವುದು ಅದನ್ನೇ. ನಾನು ಬಿಚ್ಚಲಿಲ್ಲ, ಮಡಿಚಿ ನೋಡಿದೆ. ಮಡಿಕೆ ಬಿದ್ದ ಕಡೆ ಬಿಳಿ ದಾರ ಹೊಲಿದೆ. ಆ ಮೈಯ ಮೇಲೆ ನೇರವಾದ ಗೆರೆ ಅದೇ. ಹೊರಗಿನ ಒಂದು ಕುಣಿಕೆಯಿಂದ ಇನ್ನೂ ಮೂರು ಗೆರೆ ಹೊಲಿದೆ. ಒಂದೂ ಹೋಗಿ ಮೊದಲನೆಯದನ್ನು ಸೇರಲಿಲ್ಲ. ಮಾಸ್ತರರು ಗಾಳಿಯಲ್ಲಿ ಹುಡುಕಿದ್ದು ನನ್ನ ಮಡಿಲಲ್ಲಿ ಕೂತಿತ್ತು.

ಈ ಆನಂದವನ್ನು ಹಂಚಿಕೊಳ್ಳಲು ನಾವು ಬಾಡಿಗೆಗಿದ್ದ ಹಳೆಯ ವಾಡೆಯಲ್ಲಿ ಯಾರೂ ಇರಲಿಲ್ಲ. ಹೊಸ ಸೊಸೆ ಉಣ್ಣೆ ಹೆಣೆಯುತ್ತಾಳೆಂದರೆ ಲೋಕಕ್ಕೆ ಗೊತ್ತಿರುವ ಅರ್ಥ ಒಂದೇ. ಪಕ್ಕದ ಕೋಣೆಯ ಗೋದೂಬಾಯಿ, "ಕಾಯ ವಹಿನಿ, ಬಾಳಾಚೀ ಟೋಪಿ ಕಾ?" ಎಂದು ಕಣ್ಣು ಅರಳಿಸಿದರು. ಕೂಸಿನ ಟೋಪಿಯ ಮಾತು ಕೇಳಿ ನಮ್ಮ ಅತ್ತೆ ಒಲೆಯ ಮುಂದಿನಿಂದಲೇ, "ಎರಡು ತಲಿ ಇದ್ದ ಕೂಸು ಹುಟ್ಟಿದ್ರ ಆದೀತು" ಎಂದರು.

ಉಣ್ಣೆ ಖಡಕಿಯ ಬಜಾರಿನದು, ಯಾವನೋ ಸಿಪಾಯಿಯ ಹಳೆಯ ಸ್ವೆಟರು ಬಿಚ್ಚಿ ತೆಗೆದ ಖಾಕಿ ಉಣ್ಣೆ. ನೂಲು ಬಿಟ್ಟು ಉಣ್ಣೆ ಹಿಡಿಯಲು ಕಾರಣ ಗಣಿತವಲ್ಲ, ಅತ್ತೆ. ಮಡಿಯಲ್ಲಿ ಅಡಿಗೆ ಮಾಡುವಾಗ ಅವರನ್ನು ಯಾರೂ ಮುಟ್ಟುವಂತಿಲ್ಲ. ಹತ್ತಿಯ ಬಟ್ಟೆ ತಗುಲಿದರೂ ಮೈಲಿಗೆ, ಮತ್ತೆ ಸ್ನಾನ. ಉಣ್ಣೆಗೆ ಮಾತ್ರ ಮೈಲಿಗೆಯಿಲ್ಲ. ಮಡಿಯ ಮನೆಗಳಲ್ಲಿ ಮಕ್ಕಳಿಗೆ ಉಣ್ಣೆಯ ಧಾಬಳಿ ಉಡಿಸುವುದು ಅದಕ್ಕೇ. ಹೀಗಾಗಿ ಅಡಿಗೆಮನೆಯ ಹೊಸ್ತಿಲಾಚೆ ಕೂತು ಹೆಣೆಯಲು ನನಗೆ ಪರವಾನಗಿ ಸಿಕ್ಕಿತ್ತು.

ಅಲ್ಲಿಂದ ಒಲೆಯ ಹಿಂದಿನ ಮಣ್ಣಿನ ಗೋಡೆ ಕಾಣುತ್ತಿತ್ತು. ಶ್ರಾವಣದ ಮಳೆ ಬಿಟ್ಟೂಬಿಡದೆ ಹಿಡಿದಿತ್ತು. ಗೋಡೆ ನಡುವಿನಲ್ಲಿ ಚೂರು ಉಬ್ಬಿದ್ದನ್ನು ಮನೆಯಲ್ಲಿ ಮೊದಲು ಕಂಡವಳು ನಾನೇ. ಕಂಡು ಮಾಡಿದ್ದೇನು? ಇದು ಬಟ್ಟಲಿನ ಜಾತಿ, ಇದರ ಮೇಲೆ ತ್ರಿಕೋನ ಬರೆದರೆ ಮೂರು ಕೋನ ಕೂಡಿ ಎರಡು ಲಂಬಕೋನವನ್ನು ಮೀರುತ್ತವೆ ಎಂದು ನಮ್ಮವರಿಗೆ ಪಾಠ ಹೇಳಿದೆ. ಅವರು, "ಮಾಲಕರಿಗೆ ಹೇಳ್ತೀನಿ" ಎಂದರು. ಇಬ್ಬರಲ್ಲಿ ಅವರ ಮಾತೇ ಹೆಚ್ಚು ವೈಜ್ಞಾನಿಕವಾಗಿತ್ತು.

ಮರುದಿನ ಬೆಳಿಗ್ಗೆ ಅತ್ತೆ ಕೂಗಿದರು. "ನೋಡ ಶಾಂತಾ, ಸಾರಿನ್ಯಾಗ ಮಣ್ಣು ಬಿತ್ತು! ಮ್ಯಾಲೆ ಇಲಿ ಓಡ್ಯಾಡ್ತಾವ ಕಾಣಸ್ತದ."

ನಾನು ತಲೆ ಎತ್ತಿದೆ. ಉಬ್ಬಿನ ಸುತ್ತ ಬಿರುಕು ಹರಿಯುತ್ತಿತ್ತು. ಅದರಿಂದ ಮಣ್ಣು ಹಿಟ್ಟು ಜರಡಿ ಹಿಡಿದಂತೆ ಉದುರುತ್ತಿತ್ತು.

"ಅತ್ಯಾ, ಇಲಿ ಅಲ್ಲ, ಗ್ವಾಡಿ! ಹೊರಗ ಬರ್ರಿ!"

"ಒಗ್ಗರಣಿ ಕಾದದ. ಹಾಕಿ ಬರ್ತೀನಿ."

"ಈಗ ಬರ್ರಿ ಅಂದ್ರ!"

"ಒಳಗ ಕಾಲಿಟ್ಟೀ ಅಂದ್ರ ನೋಡು! ಮಡಿ ಅದ!"

ಒಳಗೆ ಹೇಗೆ ಹೋದೆನೋ ತಿಳಿಯದು. ಕೈಯಲ್ಲಿ ಆ ಖಾಕಿ ಹೆಣಿಗೆಯ ಜುಟ್ಟು ಹಾಗೇ ಇತ್ತು. ಒಲೆಯಿಂದ ಕಾದ ಪಾತ್ರೆ ಇಳಿಸುವಾಗ ಅರಿವೆಯಿಂದ ಹಿಡಿಯುತ್ತೇವಲ್ಲ, ಹಾಗೆ ಅದರಿಂದ ಅತ್ತೆಯ ತೋಳು ಹಿಡಿದು ಎಳೆದೆ. ಅಷ್ಟೊಂದು ನೆರಿಗೆಯಲ್ಲಿ ನನ್ನ ಬೆರಳು ಅವರ ಮೈಗೆ ತಾಗುವ ಮಾತೇ ಇರಲಿಲ್ಲ. ಅವರು ತೋಳನ್ನು ನೋಡಿದರು, ಉಣ್ಣೆಯನ್ನು ನೋಡಿದರು, ಬಂದರು. ಅಂಗಳಕ್ಕೆ ಕಾಲಿಟ್ಟೆವೋ ಇಲ್ಲವೋ, ಬೆನ್ನ ಹಿಂದೆ ದೊಡ್ಡದಾಗಿ ಉಸಿರುಬಿಟ್ಟಂಥ ಸದ್ದಾಯಿತು. ಧೂಳು ಇಳಿದ ಮೇಲೆ ನೋಡಿದರೆ ಒಲೆ ಇದ್ದ ಕಡೆ ಎದೆಮಟ್ಟದ ಮಣ್ಣು.

ಗೋದೂಬಾಯಿ ಅಳುತ್ತ ಓಡಿ ಬಂದರು. ಅತ್ತೆ ಮಳೆಯಲ್ಲಿ ನಿಂತೇ ಕೈ ಅಡ್ಡ ಹಿಡಿದು, "ಶಿವೂ ನಕಾ, ಮುಟ್ಟಬ್ಯಾಡ್ರಿ" ಎಂದರು. ಆಮೇಲೆ ಆ ಮಣ್ಣಿನ ಗುಡ್ಡೆಯ ಕಡೆ ತಿರುಗಿ ನೋಡಿದರು. ನೋಡಿ, ತಾವೇ ಹೋಗಿ ಗೋದೂಬಾಯಿಯ ಹೆಗಲಿಗೆ ಮುಖ ಒತ್ತಿಕೊಂಡರು.

ಮನೆ ಬದಲಾಯಿಸಿದೆವು. ಆದರೂ ಮೊರಕ್ಕೆ ಅಕ್ಕಿ ಸುರಿಯುವ ಸದ್ದಿಗೆ ನಾನು ಇಂದಿಗೂ ತಲೆ ಎತ್ತಿ ಗೋಡೆ ನೋಡುತ್ತೇನೆ. ಮತ್ತೆ ಮೊದಲಿನಿಂದ ಎಲ್ಲವೂ ನಡೆಯುತ್ತದೆ. ಆ ಕ್ಷಣದಲ್ಲಿ ನಾನು ಉಣ್ಣೆಯನ್ನು ಬೇಕೆಂದು ಹಿಡಿದೆನೇ, ಸುಮ್ಮನೆ ಕೈಯಲ್ಲಿತ್ತೇ? ಮಡಿಯನ್ನು ಕಂಡು ಒಳಗೊಳಗೇ ನಗುತ್ತಿದ್ದವಳು ನಾನು. ಬರಿಗೈಯಲ್ಲಿ ಹಿಡಿದಿದ್ದರೆ ಅತ್ತೆ ಕೈ ಕೊಸರಿಕೊಳ್ಳುತ್ತಿದ್ದರೇ? ಮಡಿಗಾಗಿ ಜೀವ ಬಿಡುತ್ತಿದ್ದರೇ? ಮೊನ್ನೆ ತಾಳಲಾರದೆ ಅವರನ್ನೇ ಕೇಳಿಬಿಟ್ಟೆ.

"ಹುಚ್ಚಿ, ಬರದ ಏನ್ ಮಾಡ್ತಿದ್ದೆ? ಬರ್ತಿದ್ದೆ" ಎಂದರು ಅತ್ತೆ, ಬೇಳೆ ಆರಿಸುತ್ತ. "ಆದ್ರ ಮೊದಲ ನಿಂತು ನಿನ್ನ ಬೈತಿದ್ದೆ. ನನ್ನ ಬೈಗಳ ಭಾಳ ಉದ್ದ. ಅಷ್ಟ್ರಾಗ ಗ್ವಾಡಿ ಬಿದ್ದಿರ್ತಿತ್ತು."

ಒಂದು ಬೈಗುಳದಷ್ಟು ಹೊತ್ತು. ಆ ನೆರಿಗೆಗಳು ಉಳಿಸಿಕೊಟ್ಟದ್ದು ಅಷ್ಟನ್ನೇ. ರೇಖಾಗಣಿತದಿಂದ ನಾನು ಇದಕ್ಕಿಂತ ಹೆಚ್ಚಿನದನ್ನು ಬೇಡುವುದಿಲ್ಲ.