ಅಜ್ಜನ ತಿಥಿಯ ದಿನ ಪಾವ್ಚು ಅತ್ತೆ ಅಡುಗೆ ಮಾಡಲಿಲ್ಲ

ನಮ್ಮ ಮನೆಯ ಸತ್ತವರಿಗೆಲ್ಲ ಐವತ್ತಮೂರು ವರ್ಷ ಬೇಯಿಸಿ ಬಡಿಸಿದವಳು ಅಪ್ಪನ ಅಕ್ಕ ಪಾವ್ಚು ಅತ್ತೆ. ಅವಳು ಸತ್ತರೆ ಅವಳಿಗೆ ಮಾತ್ರ ಆ ಪಂಕ್ತಿಯಲ್ಲಿ ಜಾಗವಿಲ್ಲ. ಯಾಕೆ ಅಂದರೆ, ಮದುವೆಯಾಗಲಿಲ್ಲವಲ್ಲ, ಅದಕ್ಕೆ. ಇದನ್ನು ಬರೆಯಲು ಕೂತರೇ ನನ್ನ ತಲೆ ಕೆಡುತ್ತದೆ.

ನಾನು ಶೀಲೊ ಎಂಬ ಊರಿನ ಮಾಧ್ಯಮಿಕ ಶಾಲೆಯಲ್ಲಿ ಸಮಾಜ ಪಾಠ ಹೇಳುವವಳು. ಪ್ರತಿ ವರ್ಷ ಶಾಲೆ ಶುರುವಾದ ಎರಡನೇ ವಾರಕ್ಕೆ ‘ಕುಟುಂಬದ ಕಾರ್ಯಗಳು’ ಎಂಬ ಪಾಠ ಬರುತ್ತದೆ. ಮಕ್ಕಳನ್ನು ಸಾಕುವುದು, ವಯಸ್ಸಾದವರನ್ನು ನೋಡಿಕೊಳ್ಳುವುದು, ಪ್ರತಿಯೊಬ್ಬ ಸದಸ್ಯನಿಗೂ ಇದು ನನ್ನ ಜಾಗ ಎಂಬ ನೆಮ್ಮದಿ ಕೊಡುವುದು. ಹಾಗಂತ ಪುಸ್ತಕದಲ್ಲಿದೆ. ಹದಿನಾಲ್ಕು ವರ್ಷದಿಂದ ಇದನ್ನೇ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ. ನಮ್ಮ ಮನೆಯಲ್ಲಿ ಮೊದಲಿನ ಎರಡು ಕಾರ್ಯ ಮಾಡಿದ್ದು ಅತ್ತೆ ಒಬ್ಬಳೇ, ಮೂರನೆಯದು ಸಿಕ್ಕಿದ್ದು ಅವಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ. ಅದನ್ನು ಯಾವ ಪುಸ್ತಕದಲ್ಲೂ ಹಾಕಿಲ್ಲ.

ನಡುಮನೆಯಲ್ಲಿ ದೇವರ ಪಟದ ಪಕ್ಕ ಕೆತ್ತನೆಯ ಮರದ ಪೆಟ್ಟಿಗೆಯೊಂದಿದೆ. ಅದರೊಳಗೆ ಎರಡು ಬೆರಳಗಲದ ಹಲಗೆಗಳು, ಸತ್ತವರಿಗೆ ತಲಾ ಒಂದರಂತೆ. ಮನೆಯ ಗಂಡಸರದು, ಅವರ ಹೆಂಡತಿಯರದು. ಹಲಗೆಯಲ್ಲಿ ಹೆಸರಿದ್ದರೆ ತಿಥಿಗೆ ಊಟ ಉಂಟು, ಹಬ್ಬಕ್ಕೆ ಊದುಬತ್ತಿ ಉಂಟು, ಕರೆಯುವವರು ಉಂಟು. ಮನೆಯಲ್ಲಿ ಹುಟ್ಟಿದ ಹೆಣ್ಣು ಗಂಡನ ಮನೆಯ ಪೆಟ್ಟಿಗೆಗೆ ಹೋಗಬೇಕು. ನಾನೂ ಅಷ್ಟೆ, ಗಂಡನ ಮನೆಯ, ನಾನು ಮುಖವನ್ನೇ ನೋಡದ ಅಜ್ಜ ಮುತ್ತಜ್ಜಂದಿರ ಜೊತೆ ಕೂತು ಉಣ್ಣಬೇಕು. ಗಂಡನೇ ಇಲ್ಲದವಳನ್ನು ಬೆಟ್ಟದ ಮೇಲಿನ ಯಾವುದಾದರೂ ಗುಡಿಯಲ್ಲಿ, ಗುರುತುಪರಿಚಯವಿಲ್ಲದ ನೂರಾರು ಹೆಸರುಗಳ ನಡುವೆ ಇಟ್ಟು ಬರುತ್ತಾರೆ.

ಅತ್ತೆ ಮದುವೆ ಬೇಡ ಅಂದವಳಲ್ಲ. ಅಜ್ಜ ಸತ್ತಾಗ ಅವಳಿಗೆ ಹತ್ತೊಂಬತ್ತು, ನನ್ನ ಅಪ್ಪ ಥ್ಯೆನ್‌ಫುಗೆ ಹದಿಮೂರು. ಅವಳು ಸೋಯಾ ಸಾಸ್ ಮಾಡುವವರ ಅಂಗಳದಲ್ಲಿ ಕೆಲಸಕ್ಕೆ ಸೇರಿದಳು. ಸುಡುಬಿಸಿಲಲ್ಲಿ ಸಾಲಾಗಿ ನಿಂತ ಮಣ್ಣಿನ ಹಂಡೆಗಳಿಗೆ ಕಪ್ಪು ಅವರೆಯಂಥ ಕಾಳು ತುಂಬಿ, ಮೇಲೆ ಉಪ್ಪು ಹೊದಿಸಿ, ಮುಚ್ಚಳ ಎತ್ತಿ ಇಳಿಸುವ ಕೆಲಸ. ಒಂದೊಂದು ಮುಚ್ಚಳವೂ ಒಂದು ಹಸುಗೂಸಿನಷ್ಟು ಭಾರ. ಅಪ್ಪ ಓದಿದ. ಅತ್ತೆಗೆ ಎರಡು ಸಂಬಂಧ ಬಂದವು. ಮೊದಲನೆಯದಕ್ಕೆ ಅಜ್ಜಿ, ತಮ್ಮನ ಓದು ಮುಗಿಯಲಿ ಅಂದಳು. ಎರಡನೆಯದು ಬರುವ ಹೊತ್ತಿಗೆ ಅಜ್ಜಿಯೇ ಹಾಸಿಗೆ ಹಿಡಿದಿದ್ದಳು. ಒಂಬತ್ತು ವರ್ಷ ಅಜ್ಜಿಯ ಮಲಮೂತ್ರ ಬಾಚಿದ್ದು ಅತ್ತೆ. ಅಷ್ಟರಲ್ಲಿ ನಾನು ಹುಟ್ಟಿದೆ, ತಮ್ಮ ಕ್ವಾನ್‌ಲಿನ್ ಹುಟ್ಟಿದ, ನಮ್ಮಿಬ್ಬರ ಮೂಗು ಒರೆಸಿದ್ದೂ ಅವಳೇ.

ಅಜ್ಜಿಯ ಹೆಸರನ್ನು ಹಲಗೆಗೆ ಬರೆಸಿದ ದಿನ ದಾಯಾದಿಗಳಲ್ಲಿ ಹಿರಿಯನೊಬ್ಬ ಚಹಾ ಕುಡಿಯುತ್ತ, ಮಾತಿಗೆ ಮಾತು ಅನ್ನುವ ಹಾಗೆ, “ಪಾವ್ಚು, ನೀನೂ ಒಂದು ಗುಡಿ ನೋಡ್ಕೋ, ಕೊನೇ ಗಳಿಗೇಲಿ ಪರದಾಟ ಆಗ್ಬಾರ್ದು” ಅಂದನಂತೆ. ಆಗ ಅತ್ತೆಗೆ ನಲವತ್ತೈದು, ಈಗ ಎಪ್ಪತ್ತೆರಡು. ಅವತ್ತಿನಿಂದ ಅವಳು ಗುಡಿಗಳ ಸುದ್ದಿ ಬಂದರೆ ಎದ್ದು ಹೋಗುತ್ತಾಳೆ.

ಈ ವರ್ಷ ನಾಲ್ಕನೇ ತಿಂಗಳಲ್ಲಿ ಪೆಟ್ಟಿಗೆಗೆ ಗೆದ್ದಲು ಹಿಡಿಯಿತು. ಅಪ್ಪ ಹೊಸದು ಮಾಡಿಸಿದ, ಹೆಸರುಗಳನ್ನು ಮತ್ತೆ ಬರೆಯಲು ಒಬ್ಬನನ್ನು ಕರೆಸಿದ. ಅವನು ಮಸಿ ತೇಯುತ್ತಿದ್ದಾಗ ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

“ಲೋ ಥ್ಯೆನ್‌ಫು, ಹೇಗೂ ಬರೆಸ್ತಾ ಇದೀಯ. ನನಗೂ ಒಂದು ಹಲಗೆ ಇಡ್ಸು. ಹೆಸರು ಈಗ ಬೇಡ, ಖಾಲಿ ಇರ್ಲಿ.”

ಅಪ್ಪ ಬರೆಯುವವನ ಮುಖ ನೋಡಿದ. “ಅಕ್ಕ, ಜನರೆದುರಿಗೆ ಇದೇನು ಶುರು ಮಾಡ್ದೆ?”

“ಜನರ ಹಿಂದೆ ಕೇಳ್ದಾಗ ನೀನು ಯಾವತ್ತು ಉತ್ತರ ಕೊಟ್ಟಿದೀಯ?”

“ಇದು ನನ್ನ ಕೈಲಿದೆಯಾ? ಹಿಂದಿನಿಂದ ನಡ್ಕೊಂಡು ಬಂದಿದ್ದು. ನಾನ್ಯಾರು ಬದಲಾಯಿಸೋಕೆ? ಬೆಟ್ಟದ ಮೇಲಿನ ಗುಡಿ ನೋಡಿದೀನಿ, ಬಹಳ ಚೆನ್ನಾಗಿದೆ. ಸನ್ಯಾಸಿನಿಯರು ದಿನಾ ಮಂತ್ರ ಹೇಳ್ತಾರೆ. ಗಾಳಿ ತುಂಬಾ ಚೆನ್ನಾಗಿದೆ.”

“ಗಾಳಿ ಅಷ್ಟು ಚೆನ್ನಾಗಿದ್ರೆ ನೀನೇ ಹೋಗಿ ಕೂತ್ಕೋ!” ಅತ್ತೆಯ ದನಿ ಬೀದಿಗೆ ಕೇಳುವಷ್ಟು ಏರಿತು. “ಹಿಂದಿನಿಂದ ಬಂದಿದ್ದಂತೆ! ನಮ್ಮ ಮೂಲಪುರುಷ ಯಾರೋ? ಮನೆಅಳಿಯ! ಚಾಂಗ್ ಮನೆತನದಲ್ಲಿ ಹುಟ್ಟಿ, ಲಿಯಾವ್ ಮನೆಗೆ ಬಂದು, ಮಾವನ ಹೆಸರು ಇಟ್ಕೊಂಡೋನು. ಅವನಿಗೋಸ್ಕರ ಊರಿಗೂರೇ ಬದುಕಿರೋವಾಗ ಲಿಯಾವ್, ಸತ್ತ ಮೇಲೆ ಚಾಂಗ್ ಅಂತ ಬರ್ಕೋತೀರಿ. ಗಂಡಸಿಗಾದ್ರೆ ಎರಡೆರಡು ಹೆಸರು, ನನಗೆ ಒಂದು ಹಲಗೆಗೆ ಗತಿ ಇಲ್ವಾ?”

ಬರೆಯುವವನು ಮಸಿ ತೇಯುತ್ತಲೇ ಇದ್ದ. ಅಪ್ಪ, “ಅದೆಲ್ಲ ಹಿರಿಯರು ತೀರ್ಮಾನ ಮಾಡ್ಬೇಕು” ಎಂದು ಗೊಣಗಿ ಅಂಗಳಕ್ಕೆ ಹೋದ. ಸಿಕ್ಕಿಬಿದ್ದಾಗಲೆಲ್ಲ ಅಂಗಳಕ್ಕೆ ಹೋಗುವುದು ನಮ್ಮಪ್ಪನ ಹುಟ್ಟುಗುಣ. ಅತ್ತೆ ಅಡುಗೆಗೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮೇಜಿನ ಮೇಲೆ ಎಸೆದಳು. “ಹಂಗಾದ್ರೆ ನಿಮ್ಮ ಹಿರಿಯರಿಗೆ ಇನ್ಮೇಲೆ ನೀವೇ ಬೇಯ್ಸಿ ಹಾಕಿ.”

ಅಜ್ಜನ ತಿಥಿ ಐದನೇ ತಿಂಗಳ ಒಂಬತ್ತಕ್ಕೆ. ನಾನು ದಿನಾ ಫೋನ್ ಮಾಡಿ, ಅತ್ತೆಯ ಹತ್ತಿರ ಮಾತಾಡು ಅಂತ ಅಪ್ಪನಿಗೆ ಹೇಳಿದೆ. “ನಿನಗೆ ಅವಳು ಗೊತ್ತಿಲ್ವಾ? ಹಿಂದಿನ ದಿನ ತಾನಾಗೇ ಮಾರ್ಕೆಟ್ಟಿಗೆ ಹೋಗ್ತಾಳೆ” ಅಂದ. ಅಯ್ಯೋ ಈ ಗಂಡಸರ ಧೈರ್ಯವೇ! ಹಿಂದಿನ ದಿನ ಅವಳು ಮಾರ್ಕೆಟ್ಟಿಗೆ ಹೋಗಲಿಲ್ಲ. ತಿಥಿಯ ಬೆಳಿಗ್ಗೆ ಒಳ್ಳೆಯ ಅಂಗಿ ತೊಟ್ಟು, ಕೂದಲು ಗುಂಗುರು ಮಾಡಿಸಲು ಕ್ಷೌರದಂಗಡಿಗೆ ಹೊರಟುಹೋದಳು.

ಅಮ್ಮನ ಕೈ ನಡುಕದ ಕಾಯಿಲೆಯಿಂದ ಚಾಕು ಹಿಡಿಯುವುದಿಲ್ಲ. ಅಪ್ಪ ಹೋಟೆಲಿನಿಂದ ತರಿಸಿದ. ಇಡೀ ಕೋಳಿ, ಇಡೀ ಮೀನು, ಹಂದಿಮಾಂಸ, ಶ್ಯಾವಿಗೆ, ಕಳಲೆ, ಗುಡ್ಡೆ ಹಾಕಿದ ಸೀಗಡಿ. ಪೆಟ್ಟಿಗೆಯ ಮುಂದೆ ಮೇಜು ತುಂಬಿತು. ತೈಚುಂಗ್‌ನಿಂದ ರಜೆ ಹಾಕಿ ಬಂದಿದ್ದ ಕ್ವಾನ್‌ಲಿನ್ ಮದ್ಯ ಸುರಿದ. ಅಪ್ಪ ಊದುಬತ್ತಿ ಹಚ್ಚಿ ಅಜ್ಜನನ್ನು ಊಟಕ್ಕೆ ಕರೆದ.

ಊದುಬತ್ತಿ ಅರ್ಧ ಉರಿದ ಮೇಲೆ ಊಟವಾಯಿತೇ ಎಂದು ಕೇಳಬೇಕು. ಅವರು ಆಯಿತು ಅನ್ನುವವರೆಗೆ ತಟ್ಟೆ ಮುಟ್ಟುವಂತಿಲ್ಲ. ಕೇಳುವುದಕ್ಕೆ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳಿವೆ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ನೆಲಕ್ಕೆ ಹಾಕಿದಾಗ ಒಂದು ಚಪ್ಪಟೆ, ಒಂದು ಉಬ್ಬು ಮೇಲೆ ಬಂದರೆ ಹೂಂ ಅಂದ ಹಾಗೆ. ಎರಡೂ ಉಬ್ಬು ಬಂದರೆ ಇಲ್ಲ. ಎರಡೂ ಚಪ್ಪಟೆ ಬಂದರೆ ಸತ್ತವರು ನಗುತ್ತಿದ್ದಾರೆ, ಮತ್ತೆ ಕೇಳಬೇಕು.

ಅಪ್ಪ ಹಾಕಿದ. ಇಲ್ಲ. ಹತ್ತು ನಿಮಿಷ ಬಿಟ್ಟು ಹಾಕಿದ. ಇಲ್ಲ. ಮತ್ತೆ ಹಾಕಿದ. ನಗು.

“ಕಡ್ಡಿ ಸರಿಯಾಗಿ ಇಟ್ಟಿದೀರಾ ನೋಡಿ” ಅಂದ. ಊಟದ ಕಡ್ಡಿಗಳನ್ನು ಎಣಿಸಿದೆವು, ಸರಿಯಿದ್ದವು. ಕ್ವಾನ್‌ಲಿನ್ ಇನ್ನೊಂದು ಸುತ್ತು ಮದ್ಯ ಸುರಿದ. ಇಲ್ಲ. ಅಮ್ಮ ಹೊಸ ಊದುಬತ್ತಿ ಹಚ್ಚಿದಳು. ನಗು. ಹದಿನೇಳು ಸಲ ಹಾಕುವ ಹೊತ್ತಿಗೆ ಗಂಟೆ ಒಂದೂವರೆ. ಅಪ್ಪನ ಮಂಡಿ ಹಿಡಿದುಕೊಂಡಿತ್ತು, ಕೋಳಿಯ ಕೊಬ್ಬು ಹೆಪ್ಪುಗಟ್ಟಿತ್ತು, ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿದ್ದ ನನಗೆ ಬದುಕಿದವರ ಮೇಲೂ ಸತ್ತವರ ಮೇಲೂ ಒಟ್ಟಿಗೆ ರೇಗುತ್ತಿತ್ತು.

“ಹೋಗಿ ಅಕ್ಕನ್ನ ಕರ್ಕೊಂಡ್ ಬಾ” ಅಂದ ಅಪ್ಪ, ನನ್ನ ಕಡೆ ನೋಡದೆ.

ಅತ್ತೆ ತಲೆ ತುಂಬ ಗುಲಾಬಿ ಬಣ್ಣದ ಸುರುಳಿ ಸುತ್ತಿಸಿಕೊಂಡು ಬಿಸಿಗಾಳಿಯ ಯಂತ್ರದ ಕೆಳಗೆ ಕೂತಿದ್ದಳು. ವಿಷಯ ಹೇಳಿದೆ.

“ಹದಿನೇಳು ಸಲಾನಾ?” ಅವಳ ತುಟಿ ತುಸು ಅರಳಿತು. “ಏನೇನು ಇಟ್ಟಿದೀರಿ?”

ಹೇಳಿದೆ. ಸೀಗಡಿ ಅಂದಿದ್ದೇ ತಡ, ಅವಳು ಎದ್ದು ನಿಂತಳು. “ಸೀಗಡೀನಾ? ನಿಮ್ಮ ತಲೆಲಿ ಏನಿದೆ? ನಮ್ಮಪ್ಪನಿಗೆ ಸೀಗಡಿ ಆಗ್ತಿರಲಿಲ್ಲ ಕಣೆ! ಒಂದು ತಿಂದ್ರೆ ಮೈಯೆಲ್ಲ ದದ್ದು, ರಾತ್ರಿಯೆಲ್ಲ ಕೆರ್ಕೊಳ್ತಿದ್ದ.” ಸುರುಳಿ ಬಿಚ್ಚಿಸಲೂ ಇಲ್ಲ. ತಲೆಯ ಮೇಲೆ ಹಾಗೇ ಇಟ್ಟುಕೊಂಡು, ನನ್ನ ಸ್ಕೂಟರಿನ ಹಿಂದೆ ಕೂತು, ದಾರಿಯುದ್ದಕ್ಕೂ ಬೈಯುತ್ತ ಬಂದಳು.

ಒಳಗೆ ಬಂದವಳೇ ಸೀಗಡಿಯ ತಟ್ಟೆ ಎತ್ತಿ ಕ್ವಾನ್‌ಲಿನ್ ಕೈಗೆ ತುರುಕಿದಳು. “ಹಾಗಲಕಾಯಿ ಸಾರು ಎಲ್ಲಿ? ಅಪ್ಪ ಬೇರೇನು ಇಲ್ದಿದ್ರೂ ಅದು ಕೇಳ್ತಿದ್ದ. ಅಷ್ಟೂ ಗೊತ್ತಿಲ್ವಾ ನಿಂಗೆ, ಮಗ ಅನ್ನಿಸ್ಕೊಂಡಿದೀಯ?”

“ನೀನು ಯಾವತ್ತು ಹೇಳ್ದೆ ಅಕ್ಕ?”

“ನೀನು ಯಾವತ್ತು ಕೇಳ್ದೆ?”

ಅಪ್ಪ ಮರದ ತುಂಡುಗಳನ್ನು ಮತ್ತೆ ಹಾಕಿದ. ಇಲ್ಲ. ಎಲ್ಲರೂ ಅತ್ತೆಯನ್ನು ನೋಡಿದೆವು. ಅಪ್ಪ ಅವುಗಳನ್ನು ಎತ್ತಿ ಅವಳ ಕಡೆಗೆ ಚಾಚಿದ. “ನೀನೇ ಒಂದ್ಸಲ ಕೇಳು. ಅಪ್ಪ ನಿನ್ನ ಮಾತು ಕೇಳ್ತಾನೆ.”

“ನಾನು ಕೇಳಲ್ಲ. ಐವತ್ತಮೂರು ವರ್ಷ ಊಟ ಆಯ್ತಾ, ಊಟ ಆಯ್ತಾ ಅಂತ ಕೇಳಿ ಸಾಕಾಗಿದೆ. ನಾಳೆ ನನ್ನ ಯಾರು ಕೇಳ್ತಾರೆ? ಅದನ್ನ ಹೇಳು ಮೊದ್ಲು.”

“ಅಕ್ಕ, ನಾನು ಬೇಡ ಅಂತಿಲ್ಲ. ಆದ್ರೆ ಹಿರಿಯರ ಒಪ್ಪಿಗೆ ಇಲ್ದೆ…”

ಆಗ ಮಾತಾಡಿದ್ದು ಅಮ್ಮ. ನನ್ನ ಅಮ್ಮ ಚಿನ್ಯೆ ಅಪ್ಪನ ಮಾತಿಗೆ ಅಡ್ಡ ಬಂದದ್ದನ್ನು ನಾನು ಮೂವತ್ತೆಂಟು ವರ್ಷದಲ್ಲಿ ಕಂಡಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದಳು.

“ಏನ್ರೀ, ನನ್ನ ಹೆಸರು ಆ ಪೆಟ್ಟಿಗೇಲಿ ಬರುತ್ತಲ್ವಾ?”

“ಬರ್ದೆ ಮತ್ತೆ? ನೀನು ನನ್ನ ಹೆಂಡ್ತಿ.”

“ನಾನು ಇಪ್ಪತ್ತೆರಡನೇ ವಯಸ್ಸಿಗೆ ಹೊರಗಿನಿಂದ ಬಂದೋಳು. ಅತ್ತಿಗೆ ಇಲ್ಲೇ ಹುಟ್ಟಿದೋರು. ನನ್ನ ಎರಡು ಬಾಣಂತನಾನೂ ಅವರೇ ಮಾಡಿದ್ದು. ನಿಮ್ಮಮ್ಮನ್ನ ತೊಳ್ದಿದ್ದೂ ಅವರೇ, ನಾನಲ್ಲ. ಅವರಿಗೆ ಜಾಗ ಇಲ್ಲ ಅಂದ್ರೆ ನನ್ನ ಹಲಗೇನೂ ಬರೆಸ್ಬೇಡಿ. ನಾನೂ ಅವರ ಜೊತೆ ಬೆಟ್ಟಕ್ಕೆ ಹೋಗ್ತೀನಿ. ನೀವು ನಿಮ್ಮಪ್ಪನ ಜೊತೆ ಒಬ್ರೇ ಕೂತ್ಕೊಂಡು ಉಣ್ಣಿ.”

“ಚಿನ್ಯೆ, ನೀನು ಸುಮ್ನಿರು, ನಿಂಗೇನು ಹುಚ್ಚಾ” ಅಂದಳು ಅತ್ತೆ. ಆದರೆ ಅವಳ ದನಿಯಲ್ಲಿ ಜೋರು ಉಳಿದಿರಲಿಲ್ಲ.

ಅಪ್ಪ ಅಂಗಳದ ಬಾಗಿಲು ನೋಡಿದ. ಅಲ್ಲಿ ಅಮ್ಮ ಕೂತಿದ್ದಳು. ಆಮೇಲೆ ಪೆಟ್ಟಿಗೆಯ ಕಡೆ ತಿರುಗಿ ಹೇಳಿದ: “ಅಪ್ಪ, ಅಕ್ಕ ಇಲ್ಲೇ ಇರ್ತಾಳೆ. ನಿನ್ನ ಪಕ್ಕಾನೇ. ಆಗ್ಬೋದಾ?” ಹಾಕಿದ. ಎರಡೂ ಚಪ್ಪಟೆ. ಮತ್ತೆ ಹಾಕಿದ. ಎರಡೂ ಉಬ್ಬು.

ಅತ್ತೆ ಮುಖ ತಿರುಗಿಸಿಕೊಂಡಳು. ನನಗೆ ಆ ಮರದ ತುಂಡುಗಳನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು.

ಅಪ್ಪ ಮಂಡಿ ಹಿಡಿದುಕೊಂಡು ನಿಧಾನವಾಗಿ ನೆಲಕ್ಕೆ ಕುಕ್ಕರಿಸಿದ. ಒಂದು ತುಂಡನ್ನು ಎತ್ತಿ ಚಪ್ಪಟೆ ಮೇಲಾಗಿ ಇಟ್ಟ. ಇನ್ನೊಂದನ್ನು ಅದರ ಪಕ್ಕದಲ್ಲೇ ಉಬ್ಬು ಮೇಲಾಗಿ ಇಟ್ಟ. ಹಬ್ಬದ ಕ್ರಮದಲ್ಲಿ ಬಟ್ಟಲು ಒಂದಿಷ್ಟು ಆಚೀಚೆಯಾದರೂ ಎಲ್ಲ ಮೊದಲಿನಿಂದ ಮಾಡಿಸುತ್ತಿದ್ದ ನಮ್ಮಪ್ಪ, ನಮ್ಮೆಲ್ಲರ ಕಣ್ಣೆದುರೇ, ತನ್ನ ಕೈಯಾರೆ ಇಟ್ಟ.

“ಒಪ್ಪಿದ” ಅಂದ. “ಊಟಾನೂ ಆಯ್ತಂತೆ. ತಟ್ಟೆ ಎತ್ತಿ.”

ಯಾರೂ ತಟ್ಟೆ ಎತ್ತಲಿಲ್ಲ. ಅತ್ತೆ ನೆಲದ ಮೇಲಿನ ಆ ಎರಡು ತುಂಡುಗಳನ್ನು ನೋಡುತ್ತ ನಿಂತಿದ್ದಳು. ಖುಷಿಪಡುತ್ತಾಳೆ ಅಂದುಕೊಂಡೆ. ಅವಳ ಮುಖ ಕೆಂಪಾಯಿತು.

“ಇಷ್ಟೇನಾ?” ಅಂದಳು. “ಇಷ್ಟು ಸುಲಭ ಇತ್ತಾ? ಇಷ್ಟಕ್ಕಾ ಕಣೋ ನಾನು ಇಪ್ಪತ್ತೇಳು ವರ್ಷ ನಿದ್ದೆಗೆಟ್ಟಿದ್ದು?”